ಆಫೀಸಿನ 60 ಜನರನ್ನು ಸಮುದಾಯ ತೋಟಕ್ಕೆ ಕರೆದುಕೊಂಡು ಹೋಗಬೇಕಂತೆ, ಇದರಿಂದ ಟೀಮ್ ಒಂದಾಗುತ್ತಾ?

ಅರೆಮನಸ್ಸಿನ ಆಯೋಜಕ:

ಎಲ್ಲರಿಗೂ ನಮಸ್ಕಾರ. ನಾನು ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ಇಷ್ಟು ವರ್ಷ ಟೀಮ್ ಔಟಿಂಗ್ ಅಂದರೆ ರೆಸಾರ್ಟಿಗೆ ಹೋಗುವುದು, ಹಗ್ಗ ಎಳೆಯುವುದು, ಊಟ ಮಾಡಿ ಬರುವುದು. ಈ ಸಲ ಮೇಲಿನವರಿಗೆ ಹೊಸ ಹುರುಪು ಬಂದಿದೆ. ಅಕ್ಕಪಕ್ಕದ ಮನೆಯವರೆಲ್ಲ ಸೇರಿ ತರಕಾರಿ ಬೆಳೆದು ಹಂಚಿಕೊಳ್ಳುವ ಒಂದು ಸಮುದಾಯ ತೋಟ ಇದೆ, ಅಲ್ಲಿ ಅರ್ಧ ದಿನ ಸ್ವಯಂಸೇವೆ ಮಾಡೋಣ ಅನ್ನುತ್ತಿದ್ದಾರೆ. ಪ್ಲಾನ್ ಹೀಗಿದೆ: ಶುಕ್ರವಾರ ಬೆಳಿಗ್ಗೆ 11ರಿಂದ ಮಧ್ಯಾಹ್ನ 2, ಎಲ್ಲರಿಗೂ ಒಂದೇ ಬಣ್ಣದ ಟೀಶರ್ಟ್, ಒಬ್ಬೊಬ್ಬರೂ ಒಂದೊಂದು ಸಸಿ ನೆಡಬೇಕು, ಆಮೇಲೆ ಗ್ರೂಪ್ ಫೋಟೋ.

ಟೀಮಿನಲ್ಲಿ ಅರ್ಧ ಜನಕ್ಕೆ ಖುಷಿ. ಇನ್ನರ್ಧ ಜನ "ಬಿಟ್ಟಿ ಕೂಲಿ ಮಾಡಿಸಿಕೊಂಡು ಅದಕ್ಕೆ ಟೀಮ್ ಬಿಲ್ಡಿಂಗ್ ಅಂತ ಹೆಸರು ಬೇರೆ" ಅಂತ ಗೊಣಗುತ್ತಿದ್ದಾರೆ. ನನಗೂ ಎರಡು ಅನುಮಾನ. ಇದರಿಂದ ನಿಜವಾಗಲೂ ಒಗ್ಗಟ್ಟು ಬರುತ್ತಾ? ಮತ್ತೆ ನಾವು ಹೋಗುವುದರಿಂದ ತೋಟದವರಿಗೆ ಏನಾದರೂ ಉಪಯೋಗ ಇದೆಯಾ, ಇಲ್ಲ ಸುಮ್ನೆ ತೊಂದರೆನಾ? ಅನುಭವ ಇರುವವರು ಮುಚ್ಚುಮರೆ ಇಲ್ಲದೆ ಹೇಳಿ.

ಗುದ್ದಲಿ ಗೆಳತಿ:

ನಾನು ಇಂಥದ್ದೇ ಒಂದು ತೋಟ ನೋಡಿಕೊಳ್ಳುತ್ತೇನೆ. ನೀವೇ ಮುಚ್ಚುಮರೆ ಬೇಡ ಅಂದಿದ್ದೀರಿ, ಹಾಗಾಗಿ ಹೇಳುತ್ತೇನೆ. 60 ಜನ ಒಟ್ಟಿಗೆ ಬಂದರೆ ಅದು ನಮಗೆ ಸಹಾಯ ಅಲ್ಲ, ಮದುವೆ ಮನೆ. ಗುದ್ದಲಿ ಎಲ್ಲಿ, ನೀರು ಎಲ್ಲಿ, ಶೌಚಾಲಯ ಎಲ್ಲಿ ಅಂತ ತೋರಿಸುವುದರಲ್ಲೇ ನಮ್ಮ ಹೊತ್ತು ಮುಗಿಯುತ್ತದೆ.

ದೊಡ್ಡ ಸಮಸ್ಯೆ ಕಾಲಿನದು. ತರಕಾರಿ ಮಡಿಗಳನ್ನು ಸಾಮಾನ್ಯವಾಗಿ 1.2 ಮೀಟರಿಗಿಂತ ಅಗಲ ಮಾಡುವುದಿಲ್ಲ. ಯಾಕೆಂದರೆ ಎರಡೂ ಕಡೆಯಿಂದ ನಡುವಿನವರೆಗೆ ಕೈ ಎಟುಕಬೇಕು, ಮಣ್ಣಿನ ಮೇಲೆ ಯಾರೂ ಕಾಲಿಡಬಾರದು. ಹೊಸಬರಿಗೆ ಇದು ಗೊತ್ತಿರುವುದಿಲ್ಲ, ಫೋಟೋ ತೆಗೆಯುವ ಗಡಿಬಿಡಿಯಲ್ಲಂತೂ ನೇರ ಮಡಿಯ ಮೇಲೇ ನಿಲ್ಲುತ್ತಾರೆ. ತುಳಿದ ಮಣ್ಣು ಗಟ್ಟಿಯಾಗುತ್ತದೆ, ಒಳಗಿನ ಗಾಳಿ ಹೋಗುತ್ತದೆ, ಬೇರು ಇಳಿಯುವುದಿಲ್ಲ, ನೀರು ಮೇಲೆಯೇ ನಿಲ್ಲುತ್ತದೆ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಇನ್ನೂ ಕಷ್ಟ. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ, ಆ ಉಂಡೆಯನ್ನು ಬೆರಳಿಂದ ಮುಟ್ಟಿ ನೋಡಿ. ಪುಡಿಯಾದರೆ ಹದ ಇದೆ. ಅಂಟಂಟಾಗಿ ಉಂಡೆಯಾಗೇ ಉಳಿದರೆ ಅವತ್ತು ಮಣ್ಣಿನ ಕೆಲಸ ಬೇಡ. ನಿಮ್ಮ ಕ್ಯಾಲೆಂಡರಿನಲ್ಲಿ ಶುಕ್ರವಾರ ಅಂತ ಬರೆದಿದೆ ಅಂದ ಮಾತ್ರಕ್ಕೆ ಮಣ್ಣು ಹದಕ್ಕೆ ಬರುವುದಿಲ್ಲ, ಹಾಗಾಗಿ ಮುಂದೂಡಲು ಒಪ್ಪಿಗೆ ಮೊದಲೇ ಪಡೆದಿಟ್ಟುಕೊಳ್ಳಿ.

ಇನ್ನು ಸಸಿ. ಬರುವ ಕಂಪನಿಗಳೆಲ್ಲ ಸಸಿ ನೆಡುತ್ತೇವೆ ಅಂತಲೇ ಕೇಳುತ್ತಾರೆ. ಆದರೆ ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಎಳೆಯ ಸಸಿ ನೆಟ್ಟರೆ ಬಾಡಿ ಮಲಗುತ್ತದೆ. ನಾಟಿಗೆ ಸಂಜೆ ಒಳ್ಳೆಯದು, ಇಲ್ಲ ಮೋಡ ಮುಚ್ಚಿದ ದಿನ. ಅಲ್ಲದೆ ನಮಗೆ ಅವತ್ತು 60 ಸಸಿ ಬೇಕೇ ಇರುವುದಿಲ್ಲ! ನಮಗೆ ಬೇಕಿರುವುದು ಯಾರೂ ಕೇಳದ ಕೆಲಸ: ಒಣ ಎಲೆ ಹೊರುವುದು, ದಾರಿಗೆ ಮರದ ಚೂರು ಹಾಸುವುದು, ಬೇಲಿ ಸರಿ ಮಾಡುವುದು, ತುಕ್ಕು ಹಿಡಿದ ಸಾಮಾನು ಉಜ್ಜಿ ಎಣ್ಣೆ ಹಚ್ಚುವುದು. ಕಳೆ ಕೀಳುವುದೂ ಇದೆ. ಆದರೆ ಎಳೆಯ ಕ್ಯಾರೆಟ್ ಗಿಡವೂ ಕಳೆಯೂ ಹೊಸಬರ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಹಾಗಾಗಿ ಯಾವ ಸಾಲು ಮುಟ್ಟಬಾರದು ಅಂತ ದಾರ ಕಟ್ಟಿ ತೋರಿಸಬೇಕಾಗುತ್ತದೆ.

ಟೀಮಿಗೆ ಒಂದೇ ಒಂದು ಕೆಲಸ ಆರಿಸಿ ಅಂದರೆ ನಾನು ಕಾಂಪೋಸ್ಟ್ ರಾಶಿ ಅನ್ನುತ್ತೇನೆ. ಒಬ್ಬರಿಂದ ಆಗದ ಕೆಲಸ ಅದು. ಒಬ್ಬರು ಒಣ ಎಲೆ ತರಬೇಕು, ಒಬ್ಬರು ಹಸಿ ಕಸ ಕತ್ತರಿಸಬೇಕು, ಒಬ್ಬರು ಪದರ ಹಾಕಬೇಕು, ಇನ್ನೊಬ್ಬರು ನೀರು ಚಿಮುಕಿಸಬೇಕು. ಇಂಗಾಲ ಮತ್ತು ಸಾರಜನಕ 25ರಿಂದ 30ಕ್ಕೆ 1ರ ಹಾಗೆ ಇದ್ದರೆ ರಾಶಿ ಚೆನ್ನಾಗಿ ಕೊಳೆಯುತ್ತದೆ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಹಸಿ ಕಸದಲ್ಲಿ ಸಾರಜನಕ ಹೆಚ್ಚು, ಹಾಗಾಗಿ ಕೈ ಅಂದಾಜಿನಲ್ಲಿ ಹೇಳುವುದಾದರೆ ಒಣದು ಜಾಸ್ತಿ, ಹಸಿಯದು ಕಡಿಮೆ. ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಆದರೂ ಇರಬೇಕು, ಇಲ್ಲದಿದ್ದರೆ ಶಾಖ ನಿಲ್ಲುವುದಿಲ್ಲ. ಸರಿಯಾಗಿ ಕಟ್ಟಿದರೆ ಕೆಲವೇ ದಿನದಲ್ಲಿ ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಮ್ಮಲ್ಲಿಗೆ ಬಂದಿದ್ದ ಒಂದು ಅಕೌಂಟ್ಸ್ ತಂಡದವರು ಆಮೇಲೆ ಫೋನ್ ಮಾಡಿ "ನಮ್ಮ ರಾಶಿ ಎಷ್ಟು ಬಿಸಿ ಇದೆ" ಅಂತ ಕೇಳುತ್ತಿದ್ದರು. ಸಸಿ ನೆಟ್ಟು ಹೋದವರು ಯಾರೂ ಹಾಗೆ ಕೇಳಿದ್ದಿಲ್ಲ.

ಕೊನೆಗೊಂದು ಮಾತು, ಇದು ಹೇಳಲು ನಮಗೆ ಮುಜುಗರ, ಆದರೂ ಹೇಳಲೇಬೇಕು. ಪುಕ್ಕಟೆ ಕೈಗಳು ಬಂದ ಮಾತ್ರಕ್ಕೆ ತೋಟಕ್ಕೆ ಖರ್ಚಿಲ್ಲ ಅಂತಲ್ಲ. ನಿಮ್ಮನ್ನು ನೋಡಿಕೊಳ್ಳಲು ನಮ್ಮವರ ಒಂದು ಇಡೀ ದಿನ ಹೋಗುತ್ತದೆ. ರೆಸಾರ್ಟಿಗೆ ಕೊಡುತ್ತಿದ್ದ ದುಡ್ಡಿನಲ್ಲಿ ಒಂದು ಪಾಲನ್ನು ತೋಟಕ್ಕೆ ಕೊಡಿ.

ಕೀಬೋರ್ಡ್ ಕೂಲಿ:

ಗೊಣಗುವವರ ಪರವಾಗಿ ಎರಡು ಮಾತು. ಹಾಜರಾತಿ ತೆಗೆದುಕೊಂಡರೆ ಅದು ಸ್ವಯಂಸೇವೆ ಅಲ್ಲ, ಅಲ್ವಾ? ಬರದವರ ಹೆಸರು ಅಪ್ರೈಸಲ್ ಹೊತ್ತಿಗೆ ನೆನಪಾಗುತ್ತದೆ ಅನ್ನುವ ಭಯ ಇದ್ದರೆ ಜನ ಬರುತ್ತಾರೆ, ಆದರೆ ಮನಸ್ಸಿನಲ್ಲಿ ಬೈದುಕೊಂಡೇ ಬರುತ್ತಾರೆ. ನಮ್ಮ ಹಳೆಯ ಕಂಪನಿಯೊಂದರಲ್ಲಿ ಇಂಥದ್ದನ್ನು ರಜೆಯ ದಿನ ಇಟ್ಟಿದ್ದರು. ಒಗ್ಗಟ್ಟು ಬಂದದ್ದು ನಿಜ, ಎಲ್ಲರೂ ಒಟ್ಟಾಗಿ ಎಚ್‌ಆರ್‌ಗೆ ಶಾಪ ಹಾಕಿದೆವು 😀

ಕೆಲಸದ ದಿನವೇ ಇಡಿ, ಸಂಬಳದ ಗಂಟೆಯಲ್ಲೇ ಇಡಿ. ಎಲ್ಲರಿಗೂ ಬಗ್ಗಿ ಕೆಲಸ ಮಾಡಲು ಆಗುವುದಿಲ್ಲ. ಮಂಡಿ ನೋವಿರುತ್ತದೆ, ಬೆನ್ನು ನೋವಿರುತ್ತದೆ, ಧೂಳಿನ ಅಲರ್ಜಿ ಇರುತ್ತದೆ, ಯಾರೋ ಬಸುರಿ ಇರಬಹುದು, ಇನ್ನೂ ಆಫೀಸಿನಲ್ಲಿ ಹೇಳಿರುವುದಿಲ್ಲ. "ನಿಮಗೆ ಯಾಕಾಗಲ್ಲ" ಅಂತ ಎಲ್ಲರ ಮುಂದೆ ಕೇಳಬೇಡಿ. ಬೀಜ ಬೇರ್ಪಡಿಸುವುದು, ಟ್ರೇಗೆ ಬೀಜ ಹಾಕುವುದು, ಹೆಸರಿನ ಚೀಟಿ ಬರೆಯುವುದು, ಹೀಗೆ ನೆರಳಲ್ಲಿ ಕೂತು ಮಾಡುವ ಕೆಲಸವನ್ನೂ ಪಟ್ಟಿಯಲ್ಲಿ ಮೊದಲೇ ಹಾಕಿ. ಯಾರು ಬೇಕೋ ಅವರು ಆರಿಸಿಕೊಳ್ಳಲಿ.

ಅಂಕಿಸಂಖ್ಯೆ:

ಒಗ್ಗಟ್ಟು ಬರುತ್ತಾ ಅನ್ನುವ ಪ್ರಶ್ನೆಗೆ ಬರುತ್ತೇನೆ. 2024ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ ಅವರ ಒಂದು ಅಧ್ಯಯನ ಪ್ರಕಟವಾಯಿತು. ಬ್ರಿಟನ್ನಿನ 46,000ಕ್ಕೂ ಹೆಚ್ಚು ಉದ್ಯೋಗಿಗಳ ಸಮೀಕ್ಷೆಯ ಮಾಹಿತಿ ಅದರಲ್ಲಿದೆ. ಒತ್ತಡ ನಿಭಾಯಿಸುವ ತರಬೇತಿ, ಧ್ಯಾನದ ಆ್ಯಪ್, ಇಂಥ ಕಾರ್ಯಕ್ರಮಗಳಿಗೆ ಹೋದವರು ಹೋಗದವರಿಗಿಂತ ಹೆಚ್ಚು ಸುಖವಾಗಿ ಕಾಣಲಿಲ್ಲ. ಸ್ವಯಂಸೇವೆಗೆ ಹೋದವರು ಮಾತ್ರ ಸ್ವಲ್ಪ ಹೆಚ್ಚು ಸುಖವಾಗಿ ಕಂಡರು. ಇದನ್ನು ಹಿಡಿದು ಬಾಸಿಗೆ ಸ್ಲೈಡ್ ಮಾಡುವ ಮೊದಲು ಎರಡು ವಿಷಯ ಗಮನದಲ್ಲಿರಲಿ. ಅದು ಒಂದೇ ಹೊತ್ತಿನಲ್ಲಿ ಕೇಳಿದ ಸಮೀಕ್ಷೆ, ಮೊದಲೇ ಖುಷಿಯಾಗಿದ್ದವರೇ ಸ್ವಯಂಸೇವೆಗೆ ಹೋಗಿರಬಹುದು. ಮತ್ತೆ ಅದು ಅಳೆದದ್ದು ಒಬ್ಬೊಬ್ಬರ ನೆಮ್ಮದಿಯನ್ನು, ಟೀಮಿನ ಒಗ್ಗಟ್ಟನ್ನಲ್ಲ.

ಒಗ್ಗಟ್ಟಿನ ವಿಷಯದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಬರೆದದ್ದು ಎಲ್ಲ ಎಚ್‌ಆರ್‌ಗಳಿಗೂ ಬಾಯಿಪಾಠ. ಗುಂಪು ಸೇರುತ್ತದೆ, ಜಗಳ ಆಡುತ್ತದೆ, ಒಂದು ರೀತಿ ರಿವಾಜಿಗೆ ಬರುತ್ತದೆ, ಆಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಅರ್ಧ ದಿನದಲ್ಲಿ ಮೊದಲ ಹಂತವೂ ಪೂರ್ತಿ ಆಗುವುದಿಲ್ಲ. ಹಾಗಾಗಿ 60 ಜನ ಒಂದು ಸಲ ಹೋಗುವುದಕ್ಕಿಂತ ಅದೇ 15 ಜನ ಬಿತ್ತನೆಗೊಮ್ಮೆ, ಕಳೆಗೊಮ್ಮೆ, ಕೊಯ್ಲಿಗೊಮ್ಮೆ ಹೋಗುವುದು ನನ್ನ ಮಟ್ಟಿಗೆ ಸರಿ. ಬೇರೆ ಬೇರೆ ವಿಭಾಗದವರನ್ನು ಬೆರೆಸಿ. ಇನ್ನೊಂದು, ಮ್ಯಾನೇಜರ್ ಅಲ್ಲಿಯೂ ಮ್ಯಾನೇಜರ್ ಆಗಬಾರದು. ಕಳೆ ಯಾವುದು ಬೆಳೆ ಯಾವುದು ಅಂತ ಅವರಿಗೂ ಗೊತ್ತಿಲ್ಲ, ಅದೇ ಅಲ್ಲಿನ ಚಂದ. ತೋಟದವರು ಹೇಳಿದಂತೆ ಎಲ್ಲರೂ ಮಾಡಲಿ.

ಅರೆಮನಸ್ಸಿನ ಆಯೋಜಕ:

ಎಲ್ಲರಿಗೂ ಥ್ಯಾಂಕ್ಸ್. ಬಾಸ್ ಹತ್ತಿರ ಮಾತಾಡಿದೆ. 15 ಜನರ ನಾಲ್ಕು ತಂಡಕ್ಕೆ ಒಪ್ಪಿದರು, ಆದರೆ ಒಂದೇ ತಂಡ ಮತ್ತೆ ಮತ್ತೆ ಹೋಗುವುದಕ್ಕೆ ಇನ್ನೂ ಒಪ್ಪಿಲ್ಲ, "ಎಲ್ಲರಿಗೂ ಅವಕಾಶ ಸಿಗಬೇಕು" ಅನ್ನುತ್ತಾರೆ. ಟೀಶರ್ಟ್ ದುಡ್ಡು ತೋಟಕ್ಕೆ ಹೋಗುತ್ತದೆ. ಸಮಯ ಬೆಳಿಗ್ಗೆ 7ಕ್ಕೆ ಬದಲಾಯಿತು, ಈಗ ಹೊಸ ಗೊಣಗಾಟ ಶುರುವಾಗಿದೆ. ಫೋಟೋ ಮಾತ್ರ ಬಿಡುವುದಿಲ್ಲವಂತೆ. ಮೊದಲ ತಂಡಕ್ಕೆ ಕಾಂಪೋಸ್ಟ್ ಕೊಡೋಣ ಅಂದುಕೊಂಡಿದ್ದೇನೆ. ನಾವು ಏನೇನು ತರಬೇಕು?

ಗುದ್ದಲಿ ಗೆಳತಿ:

ಫೋಟೋ ತೆಗೆಯಲಿ ಬಿಡಿ, ಕೆಲಸ ಮುಗಿದ ಮೇಲೆ, ದಾರಿಯ ಮೇಲೆ ನಿಂತು. ತೋಟದ ಸದಸ್ಯರು, ಮಕ್ಕಳು ಫ್ರೇಮಿನಲ್ಲಿದ್ದರೆ ಅವರನ್ನು ಕೇಳಿ ತೆಗೆಯಿರಿ.

ಮುಚ್ಚಿದ ಶೂ ಕಡ್ಡಾಯ, ಚಪ್ಪಲಿ ಬೇಡ. ಕೈಗವಸು, ಟೋಪಿ, ಕುಡಿಯುವ ನೀರು. ಮಣ್ಣಿನಲ್ಲಿ ಧನುರ್ವಾಯು ರೋಗಾಣು ಇರುತ್ತದೆ. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು 10 ವರ್ಷ ದಾಟಿದವರು ಡಾಕ್ಟರನ್ನು ಒಮ್ಮೆ ಕೇಳಿಕೊಂಡು ಬರಲಿ. ಪ್ರಥಮ ಚಿಕಿತ್ಸೆ ಡಬ್ಬಿ ಅಲ್ಲಿದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಹಾಗೆ ಕೇಳುವಾಗ ಒಣ ಎಲೆ ಎಷ್ಟಿದೆ ಅಂತಲೂ ಕೇಳಿ. ಹಸಿ ಕಸ ಎಲ್ಲ ಕಡೆ ಸಿಗುತ್ತದೆ, ಒಣದೇ ಕೊರತೆ. ನಿಮ್ಮ ಆಫೀಸಿನಲ್ಲಿ ಬಿದ್ದಿರುವ ರಟ್ಟಿನ ಡಬ್ಬಿಗಳ ಟೇಪು ಕಿತ್ತು, ಹರಿದು ಚೂರು ಮಾಡಿ ತಂದರೆ ಅದೂ ಒಣ ಪದರಕ್ಕೆ ಆಗುತ್ತದೆ. ಮೇಲೆ ಬಣ್ಣ, ಹೊಳಪು ಇರುವ ರಟ್ಟು ಮಾತ್ರ ಬೇಡ.