ರಸ್ಟ್: ಕ್ಲೋಷರ್ ಪ್ಯಾನಿಕ್ ಆದಾಗ ಡಬಲ್ ಡ್ರಾಪ್, ಎಲ್ಲಿ ಸರಿಪಡಿಸಬೇಕು?

ಪ್ರಶ್ನೆ:
ವೆಕ್‌ನ (ರಸ್ಟ್ ಭಾಷೆಯ ಬೆಳೆಯುವ ಪಟ್ಟಿ) ರಿಟೇನ್ ಥರದ್ದೇ ಫಂಕ್ಷನ್ ಬರೆದಿದ್ದೇನೆ: ಯಾವುದು ಉಳಿಯಬೇಕೆಂದು ಬಳಸುವವರು ಕೊಟ್ಟ ಕ್ಲೋಷರ್ (ಹೆಸರಿಲ್ಲದ ಫಂಕ್ಷನ್) ಹೇಳುತ್ತದೆ. ಬೇಡದ್ದನ್ನು ಡ್ರಾಪ್ (ಬಿಡುಗಡೆ) ಮಾಡಿ, ಉಳಿದದ್ದನ್ನು ಪಿಟಿಆರ್ ಕಾಪಿಯಿಂದ (ಪಾಯಿಂಟರ್ ಮೂಲಕ ನಕಲು) ಮುಂದಕ್ಕೆ ಸರಿಸಿ, ಕೊನೆಗೆ ಸೆಟ್_ಲೆನ್‌ನಿಂದ ಹೊಸ ಉದ್ದ (ಲೆನ್) ಬರೆಯುತ್ತೇನೆ. ಮಧ್ಯೆ ಕ್ಲೋಷರ್ ಪ್ಯಾನಿಕ್ ಆದರೆ (ದೋಷದಿಂದ ನಿಂತರೆ) ಡಬಲ್ ಫ್ರೀ, ಅಂದರೆ ಒಂದೇ ಮೆಮೊರಿ ಎರಡು ಸಲ ಬಿಡುಗಡೆ. ಪ್ಯಾನಿಕ್ ಹಿಡಿಯುವ ಕ್ಯಾಚ್_ಅನ್‌ವೈಂಡ್ ಹಾಕಿದರೆ ಸಾಕೇ?

ಉತ್ತರ 1:
ಬೇಡ. ಪ್ಯಾನಿಕ್ ಆದ ಕ್ಷಣದಲ್ಲಿ ಲೆನ್ ಇನ್ನೂ ಹಳೆಯದೇ. ಅನ್‌ವೈಂಡ್ (ಪ್ಯಾನಿಕ್ ನಂತರದ ತೆರವು) ಆಗುವಾಗ ವೆಕ್ ಅಷ್ಟನ್ನೂ ಡ್ರಾಪ್ ಮಾಡುತ್ತದೆ, ಆಗಲೇ ಡ್ರಾಪ್ ಆದದ್ದನ್ನೂ ಸೇರಿಸಿ. ಲೂಪ್‌ಗೆ ಮೊದಲೇ ಸೆಟ್_ಲೆನ್(0) ಮಾಡಿ. ಆಗ ಕೆಟ್ಟರೂ ಲೀಕ್ (ಮೆಮೊರಿ ಬಿಡುಗಡೆಯಾಗದೆ ಉಳಿಯುವುದು) ಅಷ್ಟೇ. ರಸ್ಟ್‌ನಲ್ಲಿ ಲೀಕ್ ಅನ್‌ಸೇಫ್ ಅಲ್ಲ. ಲೀಕ್ ಕೂಡ ಬೇಡವೆಂದರೆ ಗಾರ್ಡ್ ಸ್ಟ್ರಕ್ಟ್ ಇಡಿ: ಅದರ ಡ್ರಾಪ್‌ನಲ್ಲಿ (ಅನ್‌ವೈಂಡ್ ಆಗುವಾಗಲೂ ಓಡುತ್ತದೆ) ಇನ್ನೂ ನೋಡದ ಬಾಲವನ್ನು ಖಾಲಿ ಜಾಗಕ್ಕೆ ಸರಿಸಿ, ನಿಜವಾದ ಲೆನ್ ಬರೆಯಿರಿ. ಗಾರ್ಡ್‌ನಲ್ಲಿನ ಎಣಿಕೆ (ನೋಡಿದ್ದೆಷ್ಟು, ತೆಗೆದದ್ದೆಷ್ಟು) ಹೆಚ್ಚಿಸುವುದು, ಇದ್ದಲ್ಲೇ ಡ್ರಾಪ್ ಮಾಡುವ ಡ್ರಾಪ್_ಇನ್_ಪ್ಲೇಸ್‌ಗಿಂತ ಮೊದಲು, ಏಕೆಂದರೆ ಆ ಡ್ರಾಪ್ ಕೂಡ ಪ್ಯಾನಿಕ್ ಆಗಬಹುದು. ಇದನ್ನೇ ಹೆಚ್ಚಿನವರು ಮರೆಯುವುದು.

ಉತ್ತರ 2:
ಸ್ಟ್ಯಾಂಡರ್ಡ್ ಲೈಬ್ರರಿಯ ಸ್ಟ್ರಿಂಗ್ ರಿಟೇನ್‌ನಲ್ಲೂ ಇದೇ ಜಾತಿಯ ಬಗ್ ಇತ್ತು: ಪ್ಯಾನಿಕ್ ನಂತರ ಯುಟಿಎಫ್-8 ಅಲ್ಲದ ಸ್ಟ್ರಿಂಗ್ ಉಳಿಯುತ್ತಿತ್ತು. ರಸ್ಟ್ 1.49ರಲ್ಲಿ ಸರಿಯಾಯಿತು.

ಟೆಸ್ಟ್‌ಗೆ ಪೂರ್ಣಾಂಕ ಬಳಸಬೇಡಿ, ಡಬಲ್ ಡ್ರಾಪ್ ಕಾಣುವುದಿಲ್ಲ. ಬಾಕ್ಸ್ (ಹೀಪ್ ಮೆಮೊರಿಯಲ್ಲಿಟ್ಟ ಮೌಲ್ಯ) ತುಂಬಿದ ವೆಕ್ ತೆಗೆದುಕೊಂಡು, ಮೊದಲನೆಯದನ್ನು ತೆಗೆಸಿ, ಮೂರನೆಯದರಲ್ಲಿ ಪ್ಯಾನಿಕ್ ಮಾಡಿಸಿ. ಕ್ಯಾಚ್_ಅನ್‌ವೈಂಡ್‌ಗೆ ಜಾಗ ಇಲ್ಲಿದೆ, ಟೆಸ್ಟ್‌ನಲ್ಲಿ. ನೈಟ್ಲಿಯಲ್ಲಿ (ರಸ್ಟ್‌ನ ಪ್ರಾಯೋಗಿಕ ಆವೃತ್ತಿ) ಕಾರ್ಗೋ ಮಿರಿ ಟೆಸ್ಟ್ ಓಡಿಸಿ; ಮಿರಿ ಇಂಥ ಮೆಮೊರಿ ತಪ್ಪು ಹಿಡಿಯುವ ಸಾಧನ. ಓಡಿದ ದಾರಿಯನ್ನಷ್ಟೇ ಮಿರಿ ನೋಡುತ್ತದೆ, ಹಾಗಾಗಿ ಡ್ರಾಪ್‌ನಲ್ಲೇ ಪ್ಯಾನಿಕ್ ಆಗುವ ಟೈಪ್‌ಗೂ ಬೇರೆ ಟೆಸ್ಟ್ ಬೇಕು.