ಲಾಜಿಟೆಕ್ ಜೆಡ್906 ಮಾರಾಟ: ಹಿಂದಿನ ಸ್ಪೀಕರ್‌ಗಳಲ್ಲಿ ಸದ್ದಿಲ್ಲ

ಪ್ರಶ್ನೆ:
5.1 ಸ್ಪೀಕರ್ ಸೆಟ್ ಮಾರಬೇಕು. ಐದು ಸ್ಪೀಕರ್, ಸಬ್‌ವೂಫರ್ (ದಪ್ಪ ಸದ್ದಿನ ದೊಡ್ಡ ಸ್ಪೀಕರ್), ಕಂಟ್ರೋಲ್ ಬಾಕ್ಸ್, ರಿಮೋಟ್ ಎಲ್ಲ ಇವೆ. ಕಂಪನಿಯ ಡಬ್ಬ ಇಲ್ಲ. ಲ್ಯಾಪ್‌ಟಾಪ್‌ಗೆ ಹಸಿರು ಪಿನ್ ಹಾಕಿದರೆ ಮುಂದಿನ ಎರಡರಲ್ಲಿ ಮಾತ್ರ ಸದ್ದು. ಕೆಟ್ಟಿದೆ ಅಂತ ಬರೆದೇ ಮಾರಬೇಕಾ? ಬೇರೆ ಊರಿಗೆ ಕೊರಿಯರ್ ಮಾಡಬಹುದಾ?

ಉತ್ತರ 1:
ಕೆಟ್ಟಿಲ್ಲ ಸರ್. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ನಿಂದ ಎಡ, ಬಲ ಎರಡೇ ಚಾನೆಲ್ ಬರೋದು. ಡೆಸ್ಕ್‌ಟಾಪ್‌ಗೆ ಮೂರೂ ಪಿನ್ ಹಾಕಿ: ಹಸಿರು ಮುಂದಿನ ಜೋಡಿಗೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ಸೆಂಟರ್ (ನಡುವಿನ) ಸ್ಪೀಕರ್ ಮತ್ತು ಸಬ್‌ವೂಫರ್‌ಗೆ. ಮೂರೇ ಜ್ಯಾಕ್ ಇರುವ ಮದರ್‌ಬೋರ್ಡ್ ಆದರೆ ಸಾಮಾನ್ಯವಾಗಿ ನೀಲಿ ಜ್ಯಾಕ್ ಹಿಂದಿನದ್ದು, ಗುಲಾಬಿ ಸೆಂಟರ್‌ದು. ರಿಯಲ್‌ಟೆಕ್ ಆಪ್‌ನಲ್ಲಿ (ಕಂಪ್ಯೂಟರ್‌ನ ಸೌಂಡ್ ಸೆಟಿಂಗ್ ಆಪ್) ಹಾಗೆ ಬದಲಾಯಿಸಿ. ಆಮೇಲೆ ವಿಂಡೋಸ್‌ನ ಹಳೇ ಸೌಂಡ್ ಪ್ಯಾನೆಲ್‌ನಲ್ಲಿ ಪ್ಲೇಬ್ಯಾಕ್, ಕಾನ್ಫಿಗರ್, 5.1, ಟೆಸ್ಟ್. ಒಂದೊಂದೇ ಸ್ಪೀಕರ್ ನುಡಿಯುವುದನ್ನು ವಿಡಿಯೊ ಮಾಡಿ ಜಾಹೀರಾತಿಗೆ ಹಾಕಿ.

ಆಪ್ಟಿಕಲ್ ಕೇಬಲ್‌ನಲ್ಲಿ ಗೇಮ್ ಹಾಕಿ ತೋರಿಸಬೇಡಿ. ಅದರಲ್ಲಿ ಪಿಸಿಎಂ (ಕುಗ್ಗಿಸದ ಡಿಜಿಟಲ್) ಸದ್ದು ಎರಡೇ ಚಾನೆಲ್ ಹೋಗುತ್ತೆ. 5.1 ಬೇಕಾದರೆ ಕಂಪ್ಯೂಟರ್ ಅದನ್ನು ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಎಂಬ ಕುಗ್ಗಿಸಿದ ರೂಪದಲ್ಲಿ ಕಳಿಸಬೇಕು, ಎಲ್ಲ ಬೋರ್ಡ್‌ಗಳಲ್ಲೂ ಆ ಸೌಲಭ್ಯ ಇರಲ್ಲ.

ಉತ್ತರ 2:
ತಿಳಿದವರು ಮೊದಲು ಕೇಳೋದು ಗುಂಯ್ ಸದ್ದಿನ ಬಗ್ಗೆ. ಇನ್‌ಪುಟ್ ಕೇಬಲ್ ಎಲ್ಲ ಕಿತ್ತು ಆನ್ ಮಾಡಿ. ಸದ್ದು ನಿಂತರೆ ತೊಂದರೆ ಕಂಪ್ಯೂಟರ್ ಕಡೆಯ ಅರ್ಥಿಂಗ್‌ನದ್ದು; ನಿಲ್ಲದಿದ್ದರೆ ಸಬ್ ಒಳಗಿನ ಆಂಪ್ಲಿಫೈಯರ್‌ದು, ಬಹುಪಾಲು ಒಣಗಿದ ಕೆಪ್ಯಾಸಿಟರ್. ಎರಡನೆಯದಾದರೆ ಬರೆದೇ ಮಾರಿ. ವೈರ್‌ಗಳ ಪ್ಲಸ್, ಮೈನಸ್ ಕೂಡ ನೋಡಿ, ಒಂದು ಕಡೆ ಅದಲುಬದಲಾದರೂ ಸದ್ದು ತೆಳ್ಳಗಾಗುತ್ತೆ.

ಕಂಟ್ರೋಲ್ ಬಾಕ್ಸ್ ಇಲ್ಲದೆ ಈ ಸೆಟ್ ಆನ್ ಆಗಲ್ಲ. ಅದರ 15 ಪಿನ್ ಕನೆಕ್ಟರ್‌ನ ಫೋಟೊ ಹತ್ತಿರದಿಂದ ತೆಗೆಯಿರಿ, ಪಿನ್ ಬಾಗಿದೆಯಾ ಅಂತ ಕೊಳ್ಳುವವರಿಗೆ ಕಾಣಬೇಕು.

ಉತ್ತರ 3:
ಕೊರಿಯರ್‌ಗಿಂತ ಊರಲ್ಲೇ ಮಾರೋದು ವಾಸಿ. ಕಳಿಸಲೇಬೇಕಾದರೆ ಸಬ್ ಒಂದು ಡಬ್ಬ, ಉಳಿದದ್ದು ಇನ್ನೊಂದು. ಕೋನ್‌ಗೆ (ಸ್ಪೀಕರ್‌ನ ಕಂಪಿಸುವ ಭಾಗ) ಏನೂ ಒತ್ತದ ಹಾಗೆ ಎದುರಿಗೆ ದಪ್ಪ ರಟ್ಟು ಕಟ್ಟಿ, ಸುತ್ತ ಎರಡಿಂಚು ಥರ್ಮಾಕೋಲ್ ಕೊಡಿ. ಕಂಟ್ರೋಲ್ ಬಾಕ್ಸ್‌ನ ಕೇಬಲ್ ಕಿತ್ತು ಬೇರೆಯಾಗಿ ಬಬಲ್ ಹಾಳೆಯಲ್ಲಿ ಸುತ್ತಿ.

ಬಿಲ್ ಇದ್ದು ಎಲ್ಲ ಚಾನೆಲ್ ಸರಿ ಇದ್ದರೆ ಹೊಸದರ ಇವತ್ತಿನ ಬೆಲೆಯ ಅರ್ಧ ಕೇಳಬಹುದು, ಗುಂಯ್ ಅನ್ನುವ ಸೆಟ್‌ಗೆ ಅಷ್ಟು ಹುಟ್ಟಲ್ಲ. "ಈ ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ" ಅಂದವರ ಜೊತೆ ಮಾತು ಮುಂದುವರಿಸಬೇಡಿ. ಯುಪಿಐನಲ್ಲಿ ಹಣ ಪಡೆಯೋಕೆ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತುವ ಅಗತ್ಯವೇ ಇಲ್ಲ.