ಅಪ್‌ಡೇಟ್: ‘ಸ್ಟೀಲ್’ ಅಗ್ಗ, ‘ರಾಬರಿ’ ದುಬಾರಿ
ಕುಂಬಳೆಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಥೆಫ್ಟ್, ರಾಬರಿ ವ್ಯತ್ಯಾಸ ಹೇಗೆ ಹೇಳಿಕೊಡಲಿ, ಅಗ್ಗದ ಸಾಮಾನಿಗೆ ಇಂಗ್ಲಿಷಿನಲ್ಲಿ ‘ಸ್ಟೀಲ್’ (steal, ಅಂದರೆ ಕದಿಯುವುದು) ಅನ್ನುವುದೇಕೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಕಾನೂನಿನ ಅರ್ಥದಿಂದ ಶುರು ಮಾಡಿದ್ದು ಒಳ್ಳೆಯದಾಯಿತು. ಒಪ್ಪಿಗೆಯಿಲ್ಲದೆ ಎತ್ತಿಕೊಂಡು ಹೋದರೆ ಥೆಫ್ಟ್. ಹೊಡೆದು, ಹೆದರಿಸಿ ಕಿತ್ತುಕೊಂಡರೆ ರಾಬರಿ. ಐದು ಅಥವಾ ಹೆಚ್ಚು ಜನ ಸೇರಿ ದರೋಡೆ ಮಾಡಿದರೆ ಡಕಾಯಿಟಿ. ಈ ಪದವೂ ‘ಲೂಟ್’ ಕೂಡ ಹಿಂದಿಯಿಂದ ಇಂಗ್ಲಿಷಿಗೆ ಹೋದವು ಎಂದಾಗ ಮಕ್ಕಳ ಕಣ್ಣರಳಿತು.

ಬೆಲೆಯ ಮಾತಿಗೆ ಬಂದರೆ, ಕದ್ದು ತಂದಷ್ಟು ಅಗ್ಗವಾದರೆ ‘ಸ್ಟೀಲ್’. ಬೆಲೆ ವಿಪರೀತವಾದಾಗ ಹೇಳುವ ‘ಡೇಲೈಟ್ ರಾಬರಿ’ (ಹಗಲು ದರೋಡೆ) ಮಾತ್ರ ತಿರುಗಾಮುರುಗಾ: ಅಲ್ಲಿ ಸುಲಿಯುವವನು ಅಂಗಡಿಯವನು. ಹಿಂದಿನ ಬೆಂಚಿನ ಹುಡುಗಿ ತಕ್ಷಣ ಹೇಳಿದಳು: “ಮಳೆಗಾಲದ ಟ್ರಾಲಿಂಗ್ (ಬಲೆ ಎಳೆಯುವ ದೋಣಿಗಳ ಮೀನುಗಾರಿಕೆ) ನಿಷೇಧದ ಸಮಯದಲ್ಲಿ ಬೂತಾಯಿ ಮೀನಿನ ರೇಟು, ಟೀಚರ್!” ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆದಿರಲಿಲ್ಲ.